ಉಪ್ಪು ತಿಂದ ಗೂಡು

ನಗರದ ಬೀದಿಯನ್ನು ಅಗೆದು ಒಳಚರಂಡಿಯನ್ನು ಹೂಳುವ ಕಡೆಗಳಲ್ಲಿ, ರಸ್ತೆಯ ಅಂಚಿಗೆ ಸಾಲಾಗಿ ಮಲಗಿಸಿದ ಕಂದುಬಣ್ಣದ ಮಣ್ಣಿನ ಕೊಳವೆಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಂಕ್ರೀಟು ಮತ್ತು ಪ್ಲಾಸ್ಟಿಕ್ಕಿನ ಕೊಳವೆಗಳು ಬಂದ ಮೇಲೆ ಇವು ವಿರಳವಾಗುತ್ತಿವೆಯಾದರೂ ಹಳೆಯ ಬಡಾವಣೆಗಳ ನೆಲದಡಿಯಲ್ಲಿ ಇಂದಿಗೂ ಸದ್ದಿಲ್ಲದೆ ದುಡಿಯುತ್ತಿವೆ. ಅವುಗಳ ಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಹತ್ತಿರ ಹೋಗಿ ನೋಡಿದರೆ ಆ ಹೊಳಪಿನಲ್ಲಿ ಕಿತ್ತಿಳೆಯ ಸಿಪ್ಪೆಯಲ್ಲಿರುವಂಥ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಈ ಮೆರುಗು ಯಾರೂ ಕುಂಚದಿಂದ ಬಳಿದುದಲ್ಲ. ದ್ರಾವಣದಲ್ಲಿ ಅದ್ದಿ ತೆಗೆದುದೂ ಅಲ್ಲ. ನಿಗಿನಿಗಿ ಕಾದ ಗೂಡಿನೊಳಕ್ಕೆ, ನಾವು ಸಾರಿಗೆ ಹಾಕುವ ಉಪ್ಪನ್ನೇ ಎರಚಿ ಪಡೆದುದು. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ 651ನೆಯ ಸಂಖ್ಯೆಯದು ಉಪ್ಪಿನ ಮೆರುಗಿನ ಈ ಕೊಳವೆಗಳಿಗಾಗಿಯೇ ಮೀಸಲಾದುದು.

ಚರಂಡಿಯ ಕೊಳವೆಗೆ ಸಲ್ಲುವ ಇದೇ ಮೆರುಗು ಅಮೆರಿಕದ ಒಬ್ಬ ಹೆಸರಾಂತ ಕುಂಬಾರ ಕಲಾವಿದೆಯ ಕೈಗೆ, ಆಕೆ ನಲವತ್ತು ದಾಟಿದ ಮೇಲೆ, ಒಂದು ಬೆಟ್ಟದ ಊರಿನ ಕರಕುಶಲ ಶಾಲೆಯಲ್ಲಿ ದೊರೆಯಿತು. ಅದಕ್ಕಿಂತ ಮೊದಲು ಆಕೆ ಹದಿನೈದು ವರ್ಷಕ್ಕೂ ಮೇಲ್ಪಟ್ಟು ತಿಗರಿಯ ಮುಂದೆ ಕುಳಿತಿದ್ದವರು; ಒಳ್ಳೆಯ ಶಿಕ್ಷಣ ಪಡೆದವರು; ಸ್ವಂತ ಗೂಡು ಇದ್ದವರು. ಇಷ್ಟೆಲ್ಲ ಇದ್ದೂ ಉಪ್ಪಿನ ಪರಿಚಯಕ್ಕೆ ಶಾಲೆಯೊಂದರ ಗೂಡು ಏಕೆ ಬೇಕಾಯಿತು? ಈ ಪ್ರಶ್ನೆಯ ಉತ್ತರ ಕಲೆಯ ಚರಿತ್ರೆಯಲ್ಲಿರುವಷ್ಟೇ ಇಟ್ಟಿಗೆಯ ರಸಾಯನ ವಿಜ್ಞಾನದಲ್ಲಿಯೂ ಇದೆ ಎಂಬುದು ನಮ್ಮ ಅಭಿಪ್ರಾಯ.

ಆ ಕಲಾವಿದೆಯ ಹೆಸರು ಕ್ಯಾರೆನ್ ಕಾರ್ನ್ಸ್. 1925ರಲ್ಲಿ ನ್ಯೂಯಾರ್ಕ್ ನಗರದಲ್ಲಿ, ಉಡುಪು ತಯಾರಿಕೆಯ ಕೆಲಸದಲ್ಲಿ ದುಡಿಯುತ್ತಿದ್ದ ವಲಸೆಗಾರ ಯಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿದರು. ಬ್ರುಕ್ಲಿನ್ ಕಾಲೇಜಿನಲ್ಲಿ ವಿನ್ಯಾಸವನ್ನು ಅಭ್ಯಾಸ ಮಾಡಿದರು. ಪತಿ ಡೇವಿಡ್ ವೈನ್‌ರಿಬ್ ಅವರೊಡನೆ ಇಟಲಿಗೆ ಹೋಗಿ, ಫ್ಲಾರೆನ್ಸಿನ ನೆರೆಯ ಸೆಸ್ತೊ ಫಿಯೊರೆಂಟಿನೊ ಎಂಬ ಪಿಂಗಾಣಿಯ ಊರಿನಲ್ಲಿದ್ದು ಕೆಲಸ ಮಾಡಿದರು. ಅನಂತರ ನ್ಯೂಯಾರ್ಕ್ ಸಂಸ್ಥಾನದ ಆಲ್‌ಫ್ರೆಡ್ ವಿಶ್ವವಿದ್ಯಾನಿಲಯದ ಕುಂಭಶಾಸ್ತ್ರ ಕಾಲೇಜನ್ನು ಸೇರಿದರು. ಮಣ್ಣಿನ ಕಲೆಯನ್ನೂ ಮಣ್ಣಿನ ವಿಜ್ಞಾನವನ್ನೂ ಒಂದೇ ಸೂರಿನಡಿ ಕಲಿಸುವ ಸಂಸ್ಥೆ ಅದು. ಅಲ್ಲಿಯ ವ್ಯಾಸಂಗವನ್ನು ನಡುವೆಯೇ ಬಿಟ್ಟು, 1952ರಲ್ಲಿ ಗಂಡಹೆಂಡಿರಿಬ್ಬರೂ ಉತ್ತರ ಕೆರೊಲಿನದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ನಿವಾಸಿ ಕುಂಬಾರರಾಗಿ ಬಂದರು.

‘ನಿವಾಸಿ ಕಲಾವಿದ’ ಎಂಬ ಪದ್ಧತಿ ನಮ್ಮಲ್ಲಿ ಅಷ್ಟು ಬಳಕೆಯಲ್ಲಿಲ್ಲವಾದ್ದರಿಂದ ಒಂದು ಮಾತು ಹೇಳಬೇಕು. ಇದರಲ್ಲಿ ಕಲಾವಿದನು ವಿದ್ಯಾರ್ಥಿಯಲ್ಲ, ಪೂರ್ತಿಯಾಗಿ ಅಧ್ಯಾಪಕನೂ ಅಲ್ಲ. ಸಂಸ್ಥೆಯು ಅವನಿಗೆ ಇರಲು ಎಡೆಯನ್ನೂ ಕೆಲಸಕ್ಕೆ ಕಾರ್ಯಾಗಾರವನ್ನೂ ಒದಗಿಸುತ್ತದೆ. ಅವನು ತನ್ನ ಕೆಲಸವನ್ನು ಅಲ್ಲಿದ್ದು ಮಾಡುತ್ತಾನೆ. ಸುತ್ತಲಿರುವವರು ಅದನ್ನು ನೋಡುತ್ತಾರೆ, ಕೇಳುತ್ತಾರೆ, ಕೈಯಾಡಿಸುತ್ತಾರೆ. ಹಿರಿಯರ ಜೊತೆಯಲ್ಲಿದ್ದು ಕಸುಬು ಕಲಿಯುವ ನಮ್ಮ ಕುಂಬಾರ ಹುಡುಗರ ರೂಢಿಗೂ ಇದಕ್ಕೂ ದೂರದ ಹೋಲಿಕೆ ಉಂಟು. ವ್ಯತ್ಯಾಸವೇನೆಂದರೆ, ನಿವಾಸಿ ಕಲಾವಿದನು ಅಲ್ಲಿರುವಷ್ಟು ಕಾಲ ಸಂತೆಗೆ ಹೊರಲೇಬೇಕಾದ ಗಡಿಗೆಗಳ ಲೆಕ್ಕವನ್ನು ಮರೆತಿರಬಹುದು.

ಬ್ಲ್ಯಾಕ್ ಮೌಂಟನ್ ಒಂದು ವಿಚಿತ್ರವಾದ ವಿದ್ಯಾಸಂಸ್ಥೆ. ಹಣದ ಮುಗ್ಗಟ್ಟಿನಿಂದ ಅದು 1957ರಲ್ಲಿ ಮುಚ್ಚಿಹೋಯಿತು. ಅಲ್ಲಿಯ ಕುಂಬಾರಿಕೆಯ ವಿಭಾಗವನ್ನು ರಾಬರ್ಟ್ ಟರ್ನರ್ ಎಂಬವರು 1949ರಿಂದ 1951ರ ವರೆಗಿನ ಅವಧಿಯಲ್ಲಿ ಕಟ್ಟಿ ನಿಲ್ಲಿಸಿ ಹೋಗಿದ್ದರು. ಕಾರ್ನ್ಸ್ ಬಂದ ಕೆಲವೇ ತಿಂಗಳಲ್ಲಿ, 1952ರ ಅಕ್ಟೋಬರಿನಲ್ಲಿ, ಅಲ್ಲಿ ನಡೆದ ಗೋಷ್ಠಿಗೆ ಇಂಗ್ಲೆಂಡಿನ ಬರ್ನಾರ್ಡ್ ಲೀಚ್, ಜಪಾನಿನ ಶೋಜಿ ಹಮಾದ, ಜನಪದ ಕಲೆಯ ತತ್ತ್ವಜ್ಞ ಸೊಯೆತ್ಸು ಯಾನಗಿ ಮತ್ತು ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತಿದ್ದ ಮಾರ್ಗರೀಟ್ ವಿಲ್ಡನ್‌ಹೈನ್ ಬಂದರು. ಲೀಚ್ ಮತ್ತು ಯಾನಗಿ ಉಪನ್ಯಾಸಗಳನ್ನು ಕೊಟ್ಟರು. ಹಮಾದರು ಹೆಚ್ಚಾಗಿ ತಿಗರಿಯ ಮುಂದೆ ಕುಳಿತು ಕೆಲಸ ಮಾಡಿ ತೋರಿಸಿದರು. ಇಪ್ಪತ್ತೇಳು ವರ್ಷವೂ ತುಂಬದ ಆತಿಥೇಯೆಗೆ ಮನೆಯ ಬಾಗಿಲಿಗೇ ಬಂದ ಭಾಗ್ಯವಿದು.

ಹಮಾದರನ್ನು ಕುರಿತು ನಮ್ಮ ದೇಶದಲ್ಲಿ ಬರೆಯುವವರು ಸಾಮಾನ್ಯವಾಗಿ ಅವರ ಮೌನವನ್ನೂ ಸರಳತೆಯನ್ನೂ ಹೊಗಳಿ ನಿಲ್ಲಿಸಿಬಿಡುತ್ತಾರೆ. ವಿಜ್ಞಾನದ ವಾಚಕರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಹಮಾದರು ಟೋಕಿಯೊದ ಉನ್ನತ ತಾಂತ್ರಿಕ ಶಾಲೆಯಲ್ಲಿ ಪಿಂಗಾಣಿಯ ತಂತ್ರಶಾಸ್ತ್ರವನ್ನು ಕ್ರಮವಾಗಿ ಓದಿದವರು. ಅನಂತರ ಕ್ಯೋಟೊದ ಪರೀಕ್ಷಾಲಯದಲ್ಲಿ ಗೆಳೆಯ ಕವಾಯಿ ಕಾಂಜಿರೊ ಅವರೊಡನೆ ಹತ್ತು ಸಾವಿರದಷ್ಟು ಮೆರುಗುಗಳನ್ನು ಪರೀಕ್ಷಿಸಿದರೆಂದು ಹೇಳುತ್ತಾರೆ. ಆ ಮೌನದ ಹಿಂದೆ ಹತ್ತು ಸಾವಿರ ಪ್ರಯೋಗಗಳ ದಫ್ತರವಿತ್ತು! ಮುಂದೆ 1950ರ ದಶಕದಲ್ಲಿ ಅವರೂ ತಮ್ಮ ಮಾಷಿಕೊ ಹಳ್ಳಿಯಲ್ಲಿ ಉಪ್ಪಿನ ಗೂಡನ್ನು ಸುಟ್ಟರು.

ಎರಡು ವರ್ಷ ಕಳೆದ ಮೇಲೆ, 1954ರಲ್ಲಿ, ಕಾರ್ನ್ಸ್ ದಂಪತಿಗಳು ಬ್ಲ್ಯಾಕ್ ಮೌಂಟನ್ನಿನ ಕೆಲವು ಸ್ನೇಹಿತರೊಡಗೂಡಿ ನ್ಯೂಯಾರ್ಕಿಗೆ ಉತ್ತರದ ಸ್ಟೋನಿ ಪಾಯಿಂಟ್ ಎಂಬಲ್ಲಿ ಸಹಕಾರಿ ವಸತಿಯೊಂದನ್ನು ಕಟ್ಟಿಕೊಂಡರು. ಸಂಗೀತಗಾರ ಜಾನ್ ಕೇಜ್, ಕವಯಿತ್ರಿಯೂ ಕುಂಬಾರಳೂ ಆದ ಎಂ. ಸಿ. ರಿಚರ್ಡ್ಸ್ ಆ ಗುಂಪಿನಲ್ಲಿದ್ದರು. ಮುಂದೆ ದಂಪತಿಗಳು ಬೇರೆಯಾದರು. ಮಗನೊಬ್ಬನನ್ನು ಸಾಕುವ ಹೊಣೆ ಇತ್ತು. ಜೀವನ ನಡೆಯಬೇಕಾದದ್ದು ಮಡಕೆಯಿಂದಲೇ. 1950ರ ದಶಕದ ಉತ್ತರಾರ್ಧದಲ್ಲಿ ಕಾರ್ನ್ಸ್, ರಿಚರ್ಡ್ಸರೊಡನೆ ಸೇರಿ, ನೇರವಾಗಿ ಒಲೆಯ ಉರಿಯ ಮೇಲೆ ಇಡಬಹುದಾದ ಮಣ್ಣನ್ನು ಸಿದ್ಧಪಡಿಸಿದರು. ಅದರಿಂದ ಮಾಡಿದ ಮುಚ್ಚಳದ ಅಡಿಗೆ ಪಾತ್ರೆಗಳು ದಶಕಗಳ ಕಾಲ ಅವರ ಅನ್ನದ ದಾರಿಯಾದವು.

ಇಲ್ಲಿ ನಮ್ಮ ವಾಚಕರಿಗೆ ಒಂದು ಸಂಶಯ ಬರಬೇಕು. ಮಣ್ಣಿನ ಮಡಕೆಯನ್ನು ಒಲೆಯ ಮೇಲಿಡುವುದರಲ್ಲಿ ಏನು ಹೊಸತು? ನಮ್ಮ ಅಜ್ಜಿಯರು ಮುದ್ದೆ ತೊಳಸಿದ್ದೂ ಹುರುಳಿ ಬೇಯಿಸಿದ್ದೂ ಮಣ್ಣಿನಲ್ಲಿಯೇ ಅಲ್ಲವೆ? ನಿಜ. ಆದರೆ ಅದೇ ಒಲೆಯ ಮೇಲೆ ಉಪ್ಪಿನಕಾಯಿಯ ಜಾಡಿಯನ್ನು ಇಟ್ಟು ನೋಡಿ (ಇಡದಿರುವುದೇ ಲೇಸು): ಕೆಲವು ನಿಮಿಷಗಳಲ್ಲಿ ಅದು ಸೀಳುತ್ತದೆ. ಹೆಚ್ಚು ಕಾದು ಹೆಚ್ಚು ಗಟ್ಟಿಯಾದ ಪಾತ್ರೆ ಒಡೆಯುತ್ತದೆ. ಕಡಿಮೆ ಕಾದ ಮೆತು ಪಾತ್ರೆ ಉಳಿಯುತ್ತದೆ. ಇದಕ್ಕೆ ಕಾರಣವೇನು?

ನಮ್ಮ ಹಳ್ಳಿಯ ಆವಗೆಯಲ್ಲಿ ಉಷ್ಣತೆಯು ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುತ್ತದೆ. ಅಷ್ಟರಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಹೊರತು ಕರಗಿ ಬೆರೆಯುವುದಿಲ್ಲ. ಮಡಕೆಯ ತುಂಬ ಸೂಕ್ಷ್ಮರಂಧ್ರಗಳು ಉಳಿಯುತ್ತವೆ. ತಳ ಕಾದು ಹಿಗ್ಗಿ, ಕಂಠವು ತಣ್ಣಗೇ ಉಳಿದು ಎಳೆದಾಟವಾದಾಗ ಸಣ್ಣ ಬಿರುಕು ಹುಟ್ಟುವುದು ನಿಜವೇ. ಆದರೆ ಅದು ಮುಂದಿನ ರಂಧ್ರದವರೆಗೆ ಓಡಿ ಅಲ್ಲಿ ನಿಂತುಬಿಡುತ್ತದೆ. ಜಾಡಿಯ ಗತಿ ಬೇರೆ. ಅದನ್ನು 1,200 ಡಿಗ್ರಿಗೂ ಮೇಲೆ ಸುಟ್ಟು, ಮಣ್ಣಿನ ಒಂದು ಅಂಶ ಗಾಜಾಗಿ ಕರಗಿ ಸಂದುಗಳನ್ನೆಲ್ಲ ತುಂಬಿರುತ್ತದೆ. ನೀರು ಸೋರದು; ಬಿರುಕಿಗೆ ತಡೆಯೂ ಇಲ್ಲ. 30 ಸೆಂಟಿಮೀಟರ್ ಅಗಲದ ಇಂಥ ತಳವು ಅಂಚಿಗಿಂತ 200 ಡಿಗ್ರಿ ಹೆಚ್ಚು ಕಾದರೆ ಮಿಲಿಮೀಟರಿನ ಮೂರನೆಯ ಒಂದಂಶದಷ್ಟು ಹಿಗ್ಗುತ್ತದೆ. ಲೆಕ್ಕಕ್ಕೆ ಇದು ಅಲ್ಪ. ಎಳೆದರೆ ಜಗ್ಗದ ವಸ್ತುವಿಗೆ ಇದೇ ಮರಣ. ಸಾಲದುದಕ್ಕೆ, ಮಣ್ಣಿನಲ್ಲಿರುವ ಬೆಣಚುಕಲ್ಲಿನ ಹರಳು 573 ಡಿಗ್ರಿಯಲ್ಲಿ ತನ್ನ ರಚನೆಯನ್ನು ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಹೆಚ್ಚು ಹೊತ್ತು ಸುಟ್ಟ ಪಾತ್ರೆಗಳಲ್ಲಿ ಹುಟ್ಟುವ ಕ್ರಿಸ್ಟೊಬಲೈಟ್ ಎಂಬ ಅದರ ಸೋದರ ಹರಳು ಇದೇ ಚೇಷ್ಟೆಯನ್ನು 200ರಿಂದ 270 ಡಿಗ್ರಿಗಳ ನಡುವೆ, ಎಂದರೆ ಸರಿಯಾಗಿ ಅಡಿಗೆಯ ಒಲೆಯ ಉಷ್ಣತೆಯಲ್ಲಿಯೇ ಮಾಡುತ್ತದೆ.

ನೀರು ಸೋರದ, ಆದರೂ ಉರಿಗೆ ನಿಲ್ಲುವ ಪಾತ್ರೆ ಬೇಕಾದರೆ ಹಿಗ್ಗದ ಮಣ್ಣನ್ನು ಹುಡುಕಬೇಕು. ಇಂಥ ಮಣ್ಣುಗಳಿಗೆ ಸಾಮಾನ್ಯವಾಗಿ ಸ್ಪೊಡುಮಿನ್, ಪೆಟಲೈಟ್ ಮುಂತಾದ ಲಿಥಿಯಂ ಖನಿಜಗಳನ್ನು ಬೆರೆಸುತ್ತಾರೆ. ಬೆಂಕಿಯಲ್ಲಿ ಇವುಗಳಿಂದ ಹುಟ್ಟುವ ಹರಳುಗಳ ಹಿಗ್ಗುವಿಕೆ ಸೊನ್ನೆಗೆ ಸಮೀಪ. ಕೆಲವು ದಿಕ್ಕುಗಳಲ್ಲಿ ಕಾಯಿಸಿದಾಗ ಕುಗ್ಗುವುದೂ ಉಂಟು! ಇಂದು ವಿದ್ಯುತ್ಕೋಶಗಳಿಗಾಗಿ ಲೋಕವೆಲ್ಲ ಹುಡುಕುತ್ತಿರುವ ಲಿಥಿಯಮ್ಮನ್ನು ಕುಂಬಾರರು ಅದಕ್ಕೂ ಬಹಳ ಮೊದಲೇ ಸಾರಿನ ಪಾತ್ರೆಗೆ ಬೆರೆಸುತ್ತಿದ್ದರು.

ಇನ್ನು ಉಪ್ಪಿನ ಕಥೆಗೆ ಬರೋಣ. ಬ್ಲ್ಯಾಕ್ ಮೌಂಟನ್ನನ್ನು ಬಿಟ್ಟ ಹದಿಮೂರು ವರ್ಷಗಳ ಮೇಲೆ, 1967ರಲ್ಲಿ, ಕಾರ್ನ್ಸ್ ಅದೇ ಉತ್ತರ ಕೆರೊಲಿನದ ಬೆಟ್ಟಗಳಿಗೆ ಮರಳಿದರು. ಈ ಸಲ ಹೋದದ್ದು ಪೆನ್‌ಲೆಂಡ್ ಕರಕುಶಲ ಶಾಲೆಗೆ. ಈ ಬೆಟ್ಟಸಾಲಿನ ಹೆಸರು ಬ್ಲೂ ರಿಡ್ಜ್. ಕನ್ನಡಕ್ಕೆ ತಂದರೆ ನಮ್ಮ ನೀಲಗಿರಿಯೇ ಆಗುತ್ತದೆ. ಲೂಸಿ ಮಾರ್ಗನ್ ಎಂಬ ಉಪಾಧ್ಯಾಯಿನಿ 1923ರಲ್ಲಿ ಈ ಕಡೆಯ ಹೆಂಗಸರಿಗೆ ಮಗ್ಗ ಮತ್ತು ನೂಲನ್ನು ಒದಗಿಸಿ, ನೆಯ್ದ ಬಟ್ಟೆಗೆ ಮಾರಾಟ ಕಲ್ಪಿಸಿದರು. ಅದರಿಂದ 1929ರಲ್ಲಿ ಶಾಲೆ ಹುಟ್ಟಿತು. 1962ರಲ್ಲಿ ಬಂದ ನಿರ್ದೇಶಕ ಬಿಲ್ ಬ್ರೌನ್ ಮರುವರ್ಷವೇ ನಿವಾಸಿ ಕಲಾವಿದರ ಯೋಜನೆಯನ್ನು ಪ್ರಾರಂಭಿಸಿದರು. ನಿವಾಸಿಗಳ ಕಾರ್ಯಾಗಾರಗಳು ಇರುವುದು ಹಳೆಯ ದನದ ಕೊಟ್ಟಿಗೆಯ ಕಟ್ಟಡಗಳಲ್ಲಿ. ಅವರಲ್ಲದೆ ಬೇಸಗೆಯ ವಾರಗಳಲ್ಲಿ ಪಾಠ ಹೇಳಲು ನಾಡಿನ ಕುಶಲಿಗಳು ಬಂದು ಅಲ್ಲಿ ಉಳಿಯುವ ಪದ್ಧತಿಯೂ ಇದೆ.

ಊರೂ ಅಂಥದೇ. ಪೆನ್‌ಲೆಂಡಿನ ನೆರೆಯ ಸ್ಪ್ರೂಸ್ ಪೈನ್ ಪಟ್ಟಣದ ಸುತ್ತಲಿನ ನೆಲ ಫೆಲ್ಡ್‌ಸ್ಪಾರ್, ಅಭ್ರಕ, ಬಿಳಿಯ ಜೇಡಿ ಮತ್ತು ಬೆಣಚುಕಲ್ಲುಗಳ ಉಗ್ರಾಣ. ಕುಂಬಾರನಿಗೆ ಬೇಕಾದುದೆಲ್ಲ ಕಾಲಡಿಯಲ್ಲಿಯೇ. ಇಂಗ್ಲೆಂಡಿನ ಪ್ರಸಿದ್ಧ ಕುಂಭೋದ್ಯಮಿ ಜೊಸಾಯ ವೆಜ್‌ವುಡ್ 1767ರಷ್ಟು ಹಿಂದೆಯೇ ತನ್ನ ಪ್ರತಿನಿಧಿಯನ್ನು ಸಾಗರ ದಾಟಿಸಿ, ಇದೇ ಪಶ್ಚಿಮ ಕೆರೊಲಿನದ ಚೆರೊಕೀ ಜನರ ನಾಡಿನಿಂದ ಐದು ಟನ್ನು ಬಿಳಿಮಣ್ಣನ್ನು ತರಿಸಿಕೊಂಡಿದ್ದನು. ಇಂದು ಸ್ಪ್ರೂಸ್ ಪೈನಿನ ಅತಿ ಶುದ್ಧವಾದ ಬೆಣಚುಕಲ್ಲಿಗೆ ಬೇರೊಂದು ಗಿರಾಕಿ ಇದೆ: ಎಲೆಕ್ಟ್ರಾನಿಕ್ ಬಿಲ್ಲೆಗಳಿಗೆ ಬೇಕಾದ ಸಿಲಿಕಾನನ್ನು ಕರಗಿಸುವ ಮೂಸೆಗಳು ಅದರಿಂದಾಗುತ್ತವೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದಿಂದ ಈ ಗಣಿಗಳು ಕೆಲಕಾಲ ನಿಂತಾಗ ಲೋಕದ ಕಂಪ್ಯೂಟರ್ ಉದ್ಯಮವೇ ಕಳವಳಗೊಂಡಿತು. ಇರಲಿ, ನಮ್ಮ ಪ್ರಕೃತ ವಿಷಯ ಮೂಸೆಯಲ್ಲ, ಮಡಕೆ.

ಪೆನ್‌ಲೆಂಡಿನಲ್ಲಿ ಕಾರ್ನ್ಸ್ ಉಪ್ಪಿನ ಗೂಡಿನಲ್ಲಿ ಪ್ರಯೋಗ ಮಾಡಿದರು. ಅಲ್ಲಿಂದ ಮುಂದೆ ಅವರ ಕೆಲಸದ ಸ್ವರೂಪವೇ ಬದಲಾಯಿತು. ಆ ಗೂಡಿನಲ್ಲಿ ನಡೆಯುವುದೇನೆಂಬುದನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು.

ಸಾಮಾನ್ಯ ಕ್ರಮದಲ್ಲಿ ಕುಂಬಾರನು ಗಾಜಾಗುವ ಪದಾರ್ಥಗಳನ್ನು ಅರೆದು ನೀರಿನಲ್ಲಿ ಕಲಸಿ ಪಾತ್ರೆಗೆ ಲೇಪಿಸಿ ಸುಡುತ್ತಾನೆ. ಉಪ್ಪಿನ ಗೂಡಿನಲ್ಲಿ ಪಾತ್ರೆಯ ಹೊರಮೈಗೆ ಲೇಪವಿಲ್ಲ. ಗೂಡು 1,250ರಿಂದ 1,300 ಡಿಗ್ರಿಯವರೆಗೆ ಕಾದಾಗ, ಉರಿಯ ಬಾಯಿಗಳಿಂದ ಉಪ್ಪನ್ನು ಒಳಗೆ ಹಾಕುತ್ತಾರೆ. ಉಪ್ಪು 801 ಡಿಗ್ರಿಯಲ್ಲಿಯೇ ಕರಗುವಂಥದು. ಆ ಕಾವಿಗೆ ಚಟಚಟನೆ ಸಿಡಿದು ಆವಿಯಾಗುತ್ತದೆ. ಉಪ್ಪೆಂದರೆ ಸೋಡಿಯಂ ಮತ್ತು ಕ್ಲೋರಿನ್‌ಗಳ ಬಿಗಿಯಾದ ಜೋಡಿ. ಬರಿಯ ಶಾಖದಿಂದ ಆ ಜೋಡಿ ಸುಲಭವಾಗಿ ಬೇರೆಯಾಗುವುದಿಲ್ಲ. ಅದಕ್ಕೆ ನೀರಿನ ಆವಿ ಬೇಕು. ನೀರಿನ ಜಲಜನಕವನ್ನು ಕ್ಲೋರಿನ್ ಹಿಡಿದುಕೊಂಡು ಆಮ್ಲದ ಅನಿಲವಾಗಿ ಹೊಗೆಗೊಳವೆಯನ್ನು ಹತ್ತುತ್ತದೆ; ಒಂಟಿಯಾದ ಸೋಡಿಯಂ ಆಮ್ಲಜನಕದೊಡನೆ ಕೂಡಿ ಪಾತ್ರೆಯ ಮೈಮೇಲೆ ಎರಗುತ್ತದೆ. ಅಲ್ಲಿ ಮಣ್ಣಿನ ಸಿಲಿಕ ಮತ್ತು ಅಲ್ಯೂಮಿನಗಳೊಡನೆ ಸೇರಿ ಗಾಜಾಗುತ್ತದೆ. ಎಂದರೆ ಮೆರುಗಿನ ಅರ್ಧ ಸಾಮಗ್ರಿ ಗಾಳಿಯಲ್ಲಿ ಬಂದದ್ದು, ಉಳಿದರ್ಧ ಪಾತ್ರೆಯದೇ ಚರ್ಮ. ಬೇಕಾದ ನೀರಿನ ಆವಿಯಾದರೋ ಸೌದೆ, ಎಣ್ಣೆ ಅಥವಾ ಅನಿಲ ಉರಿದಾಗ ತಾನಾಗಿ ಹುಟ್ಟುತ್ತದೆ. ಕೆಲವರು ಉಪ್ಪನ್ನು ಒದ್ದೆಮಾಡಿಯೂ ಹಾಕುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆ ಗೂಡಿನ ವಿಷಯದಲ್ಲಿ ಅಕ್ಷರಶಃ ನಿಜ.

ಕರಗಿದ ತೆಳು ಗಾಜು ಮೇಲ್ಮೈ ಎಳೆತದಿಂದಾಗಿ ಸಣ್ಣ ಸಣ್ಣ ಹನಿಗಳಾಗಿ ಕೂಡಿಕೊಳ್ಳಲು ಹವಣಿಸುತ್ತದೆ. ಬಾಳೆಯೆಲೆಯ ಮೇಲೆ ನೀರು ಮುತ್ತುಗಟ್ಟುವುದಕ್ಕೆ ಕಾರಣವಾದ ಎಳೆತವೇ ಇದು. ಹಾಗೆ ಕೂಡುತ್ತಿರುವಾಗಲೇ ಗೂಡು ಆರಿದರೆ ಕಿತ್ತಿಳೆ ಸಿಪ್ಪೆಯ ಮೈ ಉಳಿಯುತ್ತದೆ. ಆವಿಯು ಉರಿಯ ಹರಿವನ್ನು ಅನುಸರಿಸುವುದರಿಂದ ಗಾಳಿಗೆ ಎದುರಾದ ಪಾರ್ಶ್ವ ಹೆಚ್ಚು ಹೊಳೆಯುತ್ತದೆ, ಮರೆಯಾದ ಪಾರ್ಶ್ವ ಒಣಗಿರುತ್ತದೆ. ಪಾತ್ರೆಯ ಮೇಲಿನ ಗೆರೆ, ಬೆರಳ ಗುರುತು, ಅಂಚು ಯಾವುದನ್ನೂ ಇದು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಮುಚ್ಚಿದ ಜಾಡಿಯೊಳಕ್ಕೆ ಆವಿ ಹೋಗದಾದ್ದರಿಂದ ಒಳಮೈಗೆ ಮೊದಲೇ ಲೇಪ ಹಾಕಬೇಕು. ಕಾರ್ನ್ಸರು ಮುಂದೆ ಉಪ್ಪಿನ ಗೂಡಿನಲ್ಲಿ ಸುಟ್ಟ ದೊಡ್ಡ ಜಾಡಿಗಳಲ್ಲಿ, ಮುಚ್ಚಳವನ್ನು ಬೇರೆ ಮಾಡದೆ ಜಾಡಿಯ ಮೇಲ್ಭಾಗವನ್ನೇ ಕತ್ತರಿಸಿ ಮುಚ್ಚಳವಾಗಿಸಿದ ಬಗೆಯವು ಪ್ರಸಿದ್ಧವಾಗಿವೆ. ಬಳಿದ ಮೆರುಗಾದರೆ ಆ ಕತ್ತರಿಯ ಗೆರೆಯನ್ನು ತುಂಬಿ ಮೊಂಡು ಮಾಡುತ್ತಿತ್ತು. ಉಪ್ಪು ಅದನ್ನು ಹರಿತವಾಗಿ ಉಳಿಸಿತು.

ಇಷ್ಟೆಲ್ಲ ನಡೆಯುತ್ತಿರುವಾಗ ಹೊರಗೆ ನಿಂತ ಕುಂಬಾರನಿಗೆ ಒಳಗಿನದು ಕಾಣುತ್ತದೆಯೆ? ಇದು ಭೌತವಿಜ್ಞಾನದ ಸೊಗಸಾದ ಪ್ರಶ್ನೆ. 1,300 ಡಿಗ್ರಿಯ ಗೂಡಿನಲ್ಲಿ ಐದು ಸೆಂಟಿಮೀಟರ್ ಅಗಲದ ಇಣುಕುಗಂಡಿ ತೆರೆದರೆ ಅದರಿಂದ ಹೊಮ್ಮುವ ವಿಕಿರಣ ಸುಮಾರು 680 ವಾಟ್. ಸಣ್ಣ ವಿದ್ಯುತ್ ಒಲೆಯೊಂದು ಮುಖದ ಮುಂದೆ ಹಿಡಿದಷ್ಟು. ಆದರೂ ಒಳಗೆ ಪಾತ್ರೆಗಳೇ ಕಾಣುವುದಿಲ್ಲ! ಗೋಡೆ, ಹಲಗೆ, ಪಾತ್ರೆ ಎಲ್ಲವೂ ಒಂದೇ ಉಷ್ಣತೆಯಲ್ಲಿರುವಾಗ ಎಲ್ಲವುಗಳಿಂದ ಒಂದೇ ಪ್ರಮಾಣದ, ಒಂದೇ ಬಣ್ಣದ ಬೆಳಕು ಬರುತ್ತದೆ. ನಯವಾದ ವಸ್ತು ತಾನು ಕಡಿಮೆ ಹೊಮ್ಮಿಸಿದುದನ್ನು ಗೋಡೆಯ ಬೆಳಕನ್ನು ಪ್ರತಿಫಲಿಸಿ ಸರಿದೂಗಿಸುತ್ತದೆ. ನೆರಳಿಲ್ಲ, ಅಂಚಿಲ್ಲ, ಹೊಂಬಣ್ಣದ ಒಂದೇ ಮಂಜು. ಎಲ್ಲ ವಸ್ತುಗಳೂ ಒಂದೇ ಉಷ್ಣತೆಯಲ್ಲಿ ಕೆಂಪಾಗುತ್ತವೆಂಬುದನ್ನು 1792ರಲ್ಲಿ ಪ್ರಕಟಿಸಿದವನು ಮೇಲೆ ಹೇಳಿದ ವೆಜ್‌ವುಡ್ಡನ ಮಗ ಥಾಮಸ್ ಎಂಬುದು ಕಾಕತಾಳೀಯವಿರಲಾರದು. ಗೂಡುಗಳ ನಡುವೆ ಬೆಳೆದ ಹುಡುಗ ಅವನು. ಮುಂದೆ ಇದೇ ಕುಹರ ವಿಕಿರಣದ ಲೆಕ್ಕ ಬಿಡಿಸಹೊರಟು ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಕ್ವಾಂಟಮ್ ಕಲ್ಪನೆಯನ್ನು ಮುಂದಿಟ್ಟರು.

ಆದ್ದರಿಂದ ಕುಂಬಾರನು ಕಣ್ಣನ್ನು ನಂಬುವಂತಿಲ್ಲ. ಗೊತ್ತಾದ ಕಾವಿಗೆ ಬಾಗುವ ಮಣ್ಣಿನ ಶಂಕುಗಳನ್ನು ಗಂಡಿಯ ಹತ್ತಿರ ಇಟ್ಟಿರುತ್ತಾನೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ ಉಪಾಯವಿದು. ಉಪ್ಪಿನ ಗೂಡಿನಲ್ಲಿ ಅಷ್ಟೂ ಸಾಲದು. ಮಣ್ಣಿನ ಉಂಗುರಗಳನ್ನು ಒಳಗಿಟ್ಟು, ಪ್ರತಿ ಸಲ ಉಪ್ಪು ಹಾಕಿದ ಮೇಲೆ ಒಂದೊಂದನ್ನು ಕಬ್ಬಿಣದ ಸಲಾಕೆಯಿಂದ ಎಳೆದು ತೆಗೆದು, ಆರಿಸಿ, ಮೆರುಗು ಎಷ್ಟು ದಪ್ಪ ಕೂತಿದೆಯೆಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಅನ್ನ ಬೆಂದಿತೇ ಎಂದು ಅಗುಳು ಹಿಚುಕುವ ವಿಧಾನವೇ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರಬಹುದು. ಸೋಡಿಯಮ್ಮಿನ ಆವಿಗೆ ಪಾತ್ರೆ ಯಾವುದು, ಗೋಡೆ ಯಾವುದು ಎಂಬ ಭೇದವಿಲ್ಲ. ಗೂಡಿನ ಇಟ್ಟಿಗೆಯೂ ಸಿಲಿಕ ಮತ್ತು ಅಲ್ಯೂಮಿನಗಳ ಮಣ್ಣೇ. ಮೊದಲನೆಯ ಸಲವೇ ಒಳಗೋಡೆ, ಕಮಾನು, ಹಲಗೆ ಎಲ್ಲಕ್ಕೂ ಮೆರುಗು ಹಿಡಿಯುತ್ತದೆ. ಹಲಗೆಗೆ ಅಲ್ಯೂಮಿನದ ಸುಣ್ಣದಂಥ ಲೇಪ ಬಳಿಯದಿದ್ದರೆ ಪಾತ್ರೆ ಅದಕ್ಕೆ ಬೆಸೆದುಕೊಳ್ಳುತ್ತದೆ. ಮುಂದಿನ ಸಲ ಉಪ್ಪನ್ನು ಹಾಕದೆ ಸುಟ್ಟರೂ ಗೋಡೆಯಲ್ಲಿ ಕುಳಿತ ಸೋಡಿಯಂ ಮತ್ತೆ ಆವಿಯಾಗಿ ಪಾತ್ರೆಗಳ ಮೇಲೆ ಬರುತ್ತದೆ. ಒಮ್ಮೆ ಉಪ್ಪು ತಿಂದ ಗೂಡು ಮತ್ತೆಂದೂ ಸಪ್ಪೆಯಾಗುವುದಿಲ್ಲ. ಅದರಲ್ಲಿ ಬೇರೆ ಬಗೆಯ ಮೆರುಗನ್ನು ನೆಚ್ಚಿ ಸುಡುವಂತಿಲ್ಲ. ವರ್ಷ ಕಳೆದಂತೆ ಗಾಜು ಇಟ್ಟಿಗೆಯನ್ನು ತಿಂದು, ಕಮಾನಿನಿಂದ ಹನಿಹನಿಯಾಗಿ ಕೆಳಗಿನ ಪಾತ್ರೆಗಳ ಮೇಲೆ ತೊಟ್ಟಿಕ್ಕುವುದೂ ಉಂಟು.

ಒಂದೇ ಗೂಡಿರುವ ಕುಂಬಾರನ ಸ್ಥಿತಿಯನ್ನು ಯೋಚಿಸಿ. ಉರಿಗೆ ನಿಲ್ಲುವ ಪಾತ್ರೆಗಳಿಂದ ಸಂಸಾರ ಸಾಗುತ್ತಿದೆ. ಅವನ್ನು ಸುಡುವ ಗೂಡು ಇದೊಂದೇ. ಉಪ್ಪಿನ ಮೇಲೆ ಮನಸ್ಸಾಗಿದೆಯೆಂದು ಒಂದು ಹಿಡಿ ಎರಚಿ ನೋಡುವಂತಿಲ್ಲ. ಅದು ಪರೀಕ್ಷೆಯಲ್ಲ, ಮದುವೆ. ಬಣ್ಣವನ್ನೋ ಲೇಪವನ್ನೋ ಸಣ್ಣ ಬಿಲ್ಲೆಯ ಮೇಲೆ ಪರೀಕ್ಷಿಸಿ ಬೇಡವೆನಿಸಿದರೆ ಬಿಡಬಹುದು, ಉಪ್ಪಿಗೆ ಹಾಗಿಲ್ಲ. ಇದನ್ನು ಪರೀಕ್ಷಿಸಲು ಬೇರೊಂದು ಗೂಡೇ ಬೇಕು, ಅದೂ ಈಗಾಗಲೇ ಉಪ್ಪಿಗೆ ಒಪ್ಪಿಸಿಬಿಟ್ಟ ಗೂಡು. ಕರಕುಶಲ ಶಾಲೆಗಳ ಬಗ್ಗೆ ಬರೆಯುವವರು ಅಲ್ಲಿಯ ಗೆಳೆತನ, ಬೆಟ್ಟದ ನೋಟ, ಸ್ಫೂರ್ತಿ ಇವುಗಳನ್ನು ವರ್ಣಿಸುತ್ತಾರೆ. ಅವೆಲ್ಲ ಇದ್ದರೆ ಒಳ್ಳೆಯದೇ. ಕಾರ್ನ್ಸರಿಗೆ ಪೆನ್‌ಲೆಂಡಿನಲ್ಲಿ ದೊರೆತ ದೊಡ್ಡ ಲಾಭವೆಂದು ನಮಗೆ ತೋರುವುದು ಮಾತ್ರ ಕೆಡಿಸಿದರೂ ಊಟ ತಪ್ಪದ ಒಂದು ಗೂಡು. ಅಲ್ಲಿ ಮೆಚ್ಚಿದ ಮೇಲೆಯೇ ಅವರು ಸ್ಟೋನಿ ಪಾಯಿಂಟಿಗೆ ಹಿಂದಿರುಗಿ ಉಪ್ಪಿಗೆಂದೇ ಪ್ರತ್ಯೇಕವಾದ ಗೂಡನ್ನು ಕಟ್ಟಿಕೊಂಡರು; ಅಡಿಗೆಯ ಪಾತ್ರೆಗಳ ಕೆಲಸವೂ ನಿಲ್ಲಲಿಲ್ಲ.

ನಮ್ಮಲ್ಲಿಯೂ ಈ ವಿಷಯ ಯೋಚಿಸತಕ್ಕದ್ದು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗದ ಕುಂಬಾರಿಕೆಯ ಶಿಕ್ಷಣ ಸಂಸ್ಥೆಯುಂಟು. ಪುದುಚೇರಿಯಲ್ಲಿ ಅಮೆರಿಕದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಸ್ಥಾಪಿಸಿದ ಗೋಲ್ಡನ್ ಬ್ರಿಜ್ ಕುಂಬಾರಶಾಲೆಯಿಂದ ಇಂದಿನ ಭಾರತದ ಎಷ್ಟೋ ಮಂದಿ ಕಲಾವಿದರು ಹೊರಬಂದಿದ್ದಾರೆ. ಆದರೆ ಹಳ್ಳಿಯ ಕುಂಬಾರನಿಗೆ ದೀಪಾವಳಿಯ ಮುಂಚಿನ ಆವಗೆಯಲ್ಲಿ ಹೊಸದೊಂದನ್ನು ಮಾಡಿ ನೋಡು ಎಂದು ಉಪದೇಶಿಸುವುದು ಸುಲಭ. ಆ ಆವಗೆ ಕೆಟ್ಟರೆ ಯಾರು ಕೊಡುತ್ತಾರೆ ಎಂಬುದನ್ನು ಉಪದೇಶಕರು ಹೇಳುವುದಿಲ್ಲ.

ಉಪ್ಪಿನ ಗೂಡಿನ ಹೊಗೆಯ ವಿಷಯವನ್ನೂ ಹೇಳಿಬಿಡಬೇಕು. ಹತ್ತು ಕಿಲೊಗ್ರಾಂ ಉಪ್ಪು ಪೂರ್ತಿಯಾಗಿ ಒಡೆದರೆ ಆರು ಕಿಲೊಗ್ರಾಮಿಗೂ ಮೇಲ್ಪಟ್ಟು ಹೈಡ್ರೊಕ್ಲೋರಿಕ್ ಆಮ್ಲದ ಅನಿಲ ಹುಟ್ಟುತ್ತದೆ. ಅದು ತೇವದ ಗಾಳಿಯಲ್ಲಿ ಬಿಳಿಯ ಮೋಡವಾಗಿ ಇಳಿಯುತ್ತದೆ. ಕಬ್ಬಿಣವನ್ನು ತಿನ್ನುತ್ತದೆ, ಕೆಮ್ಮು ತರಿಸುತ್ತದೆ. ಆದಕಾರಣ ಈಚಿನ ಅನೇಕ ಕುಂಬಾರರು ಉಪ್ಪಿಗೆ ಬದಲಾಗಿ ಅಡಿಗೆಯ ಸೋಡವನ್ನೋ ಬಟ್ಟೆಯ ಸೋಡವನ್ನೋ ನೀರಿನಲ್ಲಿ ಕದಡಿ ಗೂಡಿಗೆ ಸಿಂಪಡಿಸುತ್ತಾರೆ. ಆಗ ಹೊರಬರುವುದು ಇಂಗಾಲದ ಡೈಆಕ್ಸೈಡು. ಸೋಡ ಉಪ್ಪಿನಷ್ಟು ಸುಲಭವಾಗಿ ಆವಿಯಾಗಿ ಹರಡುವುದಿಲ್ಲ. ಬಿದ್ದ ಕಡೆ ದಪ್ಪ, ಬೀಳದ ಕಡೆ ತೆಳು. ಮೆರುಗಿನ ಚಹರೆ ಬೇರೆಯಾಗುತ್ತದೆ. ಉಪ್ಪಿಗೆ ಅದು ಪೂರ್ತಿ ಬದಲಿಯಲ್ಲ.

ಕಾರ್ನ್ಸರು ಮುಂದೆ ತಮ್ಮ ಸಂಗಾತಿಯಾದ ಕುಂಬಾರ ಕಲಾವಿದೆ ಆನ್ ಸ್ಟ್ಯಾನರ್ಡ್ ಅವರೊಡನೆ ಉತ್ತರದ ವರ್ಮಾಂಟಿಗೆ ಹೋಗಿ ನೆಲೆಸಿದರು. ಅಲ್ಲಿ ಸೌದೆಯ ಗೂಡನ್ನು ಹಿಡಿದರು; ಸೌದೆಯ ಬೂದಿಯೂ ಉಪ್ಪಿನಂತೆಯೇ ಗಾಳಿಯಲ್ಲಿ ಬಂದು ಪಾತ್ರೆಗೆ ಮೆರುಗು ಕೊಡುತ್ತದೆ. 1998ರಲ್ಲಿ ಒಂದು ಸುಡುವಿಕೆಯ ಸಮಯದಲ್ಲಿ ಗೂಡಿನಿಂದ ಬೆಂಕಿ ಹಬ್ಬಿ, ಮನೆಯೂ ಕಾರ್ಯಾಗಾರವೂ ಸುಟ್ಟುಹೋದವು. ದೇಶದ ನಾನಾ ಭಾಗಗಳ ಕುಂಬಾರರು ತಮ್ಮ ಪಾತ್ರೆಗಳನ್ನು ಮಾರಿ ಹಣ ಕೂಡಿಸಿ ಕೊಟ್ಟರು. ಮನೆಯೂ ಕಾರ್ಯಾಗಾರವೂ ಮತ್ತೆ ಎದ್ದವು. ಆಗ ಕಾರ್ನ್ಸರಿಗೆ ಎಪ್ಪತ್ತೆರಡು ವರ್ಷ. ಅವರು ಮತ್ತೆ ಮಣ್ಣು ಕಲಸಿದರು, ಹೊಸ ಆಕಾರಗಳನ್ನು ಮಾಡಿದರು. 2016ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಅವರು ವರ್ಮಾಂಟಿನಲ್ಲಿ ತೀರಿಕೊಂಡರು.